ಎಲೆಯಣ್ಣನ ಮೂರು ‘ಊಂ’

ನಂಜನಗೂಡು ಬಳಿಯ ತಾಂಡ್ಯ ಕೈಗಾರಿಕಾ ಪ್ರದೇಶದ ಯಾವ ಕಾರ್ಖಾನೆಗೆ ಹೋದರೂ ಒಬ್ಬ ಎಲೆಯಣ್ಣ ಸಿಗುತ್ತಾನೆ. ನಮ್ಮವನು ಬಾಯ್ಲರಿನವನು. ಸೊಂಟದ ಚೀಲದಲ್ಲಿ ಮೈಸೂರು ಚಿಗುರೆಲೆ, ಅಡಿಕೆ, ಸುಣ್ಣದ ಡಬ್ಬಿ, ಕಡ್ಡಿಪುಡಿ. ಗೇಟಿನಲ್ಲಿ ನಮ್ಮ ಬೀಡಿ, ಬೆಂಕಿಪೊಟ್ಟಣ ಕಸಿಯುವ ಸೆಕ್ಯುರಿಟಿಯವನು ಆ ಚೀಲಕ್ಕೂ ಕೈ ಹಾಕುತ್ತಾನೆ. ಕಸಿಯಲಿಕ್ಕಲ್ಲ, ತನಗೊಂದು ಎಲೆಗೆ.

ಬಾಯಿ ತುಂಬಿತೆಂದರೆ ಎಲೆಯಣ್ಣನಿಗೆ ಮಾತಿಲ್ಲ. ಗಲ್ಲ ಮೇಲೆತ್ತಿ ‘ಊಂ’. ಚಿಕ್ಕ ಊಂ ಅಂದರೆ ಹೌದು. ಎಳೆದದ್ದು, ನೋಡೋಣ. ಮೂಗಿನಿಂದ ಬಂದದ್ದು, ನನಗೆ ಗೊತ್ತಿಲ್ಲ. ಈ ಭಾಷೆ ಬಲ್ಲವನು ನಾನೊಬ್ಬನೇ ಎಂಬ ಜಂಬವೂ ನನಗಿತ್ತು.

ಒಂದು ನೈಟ್ ಶಿಫ್ಟಿನಲ್ಲಿ ಸ್ಟೀಮ್ ವಾಲ್ವ್ ತೆರೆದೇ ಉಳಿದಿತ್ತು. ಮೇಲಿನವರು ಓಡಿಬಂದು, ‘ಯಾರ್ರೀ ಇದು?’ ಎಂದರು. ಎಲೆಯಣ್ಣ ಮೂಗಿನ ಊಂ ಹೊರಡಿಸಿದ. ಗಲ್ಲ ಎತ್ತಿದ ದಿಕ್ಕಿನಲ್ಲಿ ನಾನಿದ್ದೆ! ಅವನು ಹೊರಗೆ ಹೋಗಿ, ಉಗುಳಿ, ಬಾಯಿ ಮುಕ್ಕಳಿಸಿ ಬರುವಷ್ಟರಲ್ಲಿ ನನ್ನ ಹೆಸರಿಗೆ ಮೆಮೊ ಸಿದ್ಧ. ‘ಏನ್ ಮಾಡಾನ ಕಣ್ಲಾ, ಆಗ್ ತಾನೆ ರಸ ಬುಟ್ಕಂಡಿತ್ತು’ ಎಂದ.

ಆ ಸಿಟ್ಟಿಗೆ ಉಪದೇಶ ಶುರುಮಾಡಿದೆ. ಸುಣ್ಣ ಸೇರಿದರೆ ನಿಕೋಟಿನ್ ಕೆನ್ನೆಯಿಂದಲೇ ರಕ್ತಕ್ಕೆ ಇಳಿಯುತ್ತದೆ, ಹೊಗೆಸೊಪ್ಪು ಬಿಟ್ಟರೂ ಅಡಿಕೆಯೊಂದೇ ಕ್ಯಾನ್ಸರಿಗೆ ದಾರಿ ಮಾಡಬಲ್ಲದು, 2013ರಲ್ಲೇ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು ಎಂದೆಲ್ಲ. ‘ನಂದು ಗುಟ್ಕಾ ಅಲ್ವಲ್ಲ. ನಂಜುಂಡಪ್ಪ ನಂಜ ನುಂಗ್ನಿಲ್ಲ, ಉಗುಳ್ನಿಲ್ಲ, ಕತ್ತಲ್ಲೇ ಮಡಿಕಂಡ. ನಾನು ದವಡೇಲಿ ಮಡಿಕಂಡಿವ್ನಿ.’ ಹೇಳಿದವನು ದಿನಾ ಹಲ್ಲುಜ್ಜುವುದು ನಂಜನಗೂಡು ಹಲ್ಲುಪುಡಿಯಲ್ಲೇ. ಅದನ್ನು ತಯಾರಿಸುವ, 1913ರಲ್ಲಿ ಶುರುವಾದ ಸದ್ವೈದ್ಯಶಾಲೆಗೆ ಇಂಥ ಹಲ್ಲು ಮತ್ತೆಲ್ಲೂ ಎದುರಾಗಿರಲಾರದು.

‘ನಿನ್ನ ಕೈಲೇನ್ಲಾ ಅದು?’ ಎಂದ. ಆ ರಾತ್ರಿಯ ನಾಲ್ಕನೇ ಕಾಫಿ. ಅದೂ ನಂಜನಗೂಡಿನಲ್ಲೇ ತಯಾರಾಗುವ ನೆಸ್ಕೆಫೆ. ಒಂದು ಭಾನುವಾರ ಕಾಫಿ ಬಿಟ್ಟೇಬಿಡುತ್ತೇನೆಂದು ಕುಳಿತು, ಸಂಜೆಗೆ ತಲೆ ಸಿಡಿದು, ಏನೂ ತಪ್ಪು ಮಾಡದ ಸೀಲಿಂಗ್ ಫ್ಯಾನನ್ನು ಬೈದಿದ್ದೆ. ಅದನ್ನು ಎಲೆಯಣ್ಣನಿಗೆ ಹೇಳಲಿಲ್ಲ.

ಆಮೇಲೊಮ್ಮೆ ಅವನೇ ಬಿಟ್ಟ. ಹಲ್ಲಿನ ಡಾಕ್ಟರು ಬಾಯಿ ತೆರೆಸಿ ನೋಡಿದ್ದರಂತೆ. ಮೂರು ಬೆರಳು ಹಿಡಿಸಬೇಕಾದ ಬಾಯಿಗೆ ಎರಡೇ ಹಿಡಿಸಿದವು. ಹತ್ತೊಂಬತ್ತು ದಿನ ಲವಂಗ ಕಚ್ಚಿಕೊಂಡೇ ಕಳೆದ. ಬಾಯಿ ಖಾಲಿಯಾದದ್ದೇ ಮಾತು ಹೊರಟಿತು. ಬಾಯ್ಲರ್ ನಿಂತಿರುವ ಜಾಗ ಅವರಪ್ಪನ ರಾಗಿ ಹೊಲವಂತೆ. ಬಂದ ದುಡ್ಡು ಅಕ್ಕಂದಿರ ಮದುವೆಗೆ ಹೋಯಿತಂತೆ. ಕೆಲಸಕ್ಕೆ ಸೇರಿದ ಮೊದಲ ರಾತ್ರಿ, ಹುಣಸೆಮರವಿದ್ದ ಕಡೆ ಚಿಮಣಿ ಕಂಡು ಅಳು ಬಂತಂತೆ. ಜೊತೆಯವನು ಒಂದು ಎಲೆ ಮಡಚಿ ಕೊಟ್ಟನಂತೆ. ‘ಅಳಾನ ಅಂದ್ರೆ ಬಾಯಿ ತುಂಬೋಗಿತ್ತು ಕಣ್ಲಾ.’ ಮಗನೂ ಈಗ ಇಲ್ಲೇ ಎಲ್ಲೋ ಗುತ್ತಿಗೆ ಕೆಲಸದಲ್ಲಿದ್ದಾನಂತೆ. ರಾತ್ರಿಯೆಲ್ಲ ಇದೇ. ಏನು ಹೇಳಬೇಕೋ ತೋಚದೆ ನಾನು ಗೇಜು ನೋಡುವವನ ಹಾಗೆ ಎದ್ದುಹೋಗುತ್ತಿದ್ದೆ.

ಇಪ್ಪತ್ತನೇ ದಿನ ಶಿಫ್ಟಿಗೆ ಬಂದವನನ್ನು, ‘ಏನಣ್ಣ, ಚೆನ್ನಾಗಿದ್ದೀರಾ?’ ಎಂದೆ. ಗಲ್ಲ ಮೇಲೆ ಹೋಯಿತು.

‘ಊಂ.’

ಸದ್ಯ, ಎನಿಸಿತು ನನಗೆ. ಹಾಗೆ ಅನಿಸಿದ್ದಕ್ಕೆ ನಾಚಿಕೆಯಾಗಿ, ಹೋಗಿ ಇನ್ನೊಂದು ಕಾಫಿ ಬೆರೆಸಿಕೊಂಡೆ.