ಐದನೆಯವನಿಗೆ ಚಿನ್ನ

2012ರ ಲಂಡನ್ ಒಲಿಂಪಿಕ್ಸ್‌ನ 94 ಕಿಲೋ ವೇಟ್‌ಲಿಫ್ಟಿಂಗ್‌ನಲ್ಲಿ ಗೆದ್ದವರು ಯಾರೆಂದು ತಿಳಿಯಲು ಜಗತ್ತು ವರ್ಷಗಟ್ಟಲೆ ಕಾಯಬೇಕಾಯಿತು. ಅಂದು ಕಜಕಸ್ತಾನದ ಇಲ್ಯಾ ಇಲಿನ್ ಒಟ್ಟು 418 ಕಿಲೋ ಎತ್ತಿ, ವಿಶ್ವದಾಖಲೆ ಬರೆದು, ಕೊರಳಿಗೆ ಚಿನ್ನ ಹಾಕಿಸಿಕೊಂಡು ಊರಿಗೆ ಹೋದರು. ಅವರ ಮೂತ್ರ ಮಾತ್ರ ಸೀಸೆಯಲ್ಲೇ ಉಳಿಯಿತು. 2016ರಲ್ಲಿ ಹೊಸ ವಿಧಾನದಲ್ಲಿ ಪರೀಕ್ಷಿಸಿದಾಗ ಅದು ಬಾಯಿಬಿಟ್ಟಿತು: ನಿಷೇಧಿತ ಮದ್ದು. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಹಳೆಯ ಸೀಸೆಯೂ ಅದನ್ನೇ ಹೇಳಿತು. ಎರಡೂ ಚಿನ್ನ ಹೋದವು.

ಬೆಳ್ಳಿಯವನದು ನೋಡಿದರು, ಮದ್ದು. ಕಂಚಿನವನದು, ಮದ್ದು. ನಾಲ್ಕನೆಯವನು, ಆರನೆಯವನು, ಏಳನೆಯವನು, ಎಲ್ಲರೂ ಒಂದೇ ಬಳಗ. ಮೊದಲ ಏಳರಲ್ಲಿ ಉಳಿದವರು ಐದನೇ ಸ್ಥಾನದ ಇರಾನಿನ ಸಯೀದ್ ಮೊಹಮ್ಮದ್‌ಪೂರ್ ಒಬ್ಬರೇ. ಚಿನ್ನ ಅವರ ಪಾಲಾಯಿತು. ಎಂಟನೆಯವರಿಗೆ ಬೆಳ್ಳಿ, ಒಂಬತ್ತನೆಯವರಾದ ಪೋಲೆಂಡಿನ ತೋಮಾಶ್ ಝೆಲಿನ್‌ಸ್ಕಿಗೆ ಕಂಚು. ಸತ್ಯಕ್ಕೆ ಸಾವಿಲ್ಲ ಎಂದು ಕಣ್ಣೊರೆಸಿಕೊಳ್ಳುವ ಮೊದಲು ಸ್ವಲ್ಪ ತಾಳಿ. ಇದೇ ಝೆಲಿನ್‌ಸ್ಕಿಯನ್ನು 2016ರ ರಿಯೊ ಒಲಿಂಪಿಕ್ಸ್‌ನಿಂದ, ನ್ಯಾಂಡ್ರೊಲೋನ್ ಪತ್ತೆಯಾಯಿತೆಂದು ಮನೆಗೆ ಕಳಿಸಿದ್ದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಹಳೆಯ ಕಾಲದ ಕಳ್ಳರ ಸಂಕೋಚ. ಈ ಹೆಗಲುಗಳಿಗೆ ಅದೆಲ್ಲಿ? 2015ರಲ್ಲಿ ಬಲ್ಗೇರಿಯಾದ 11 ವೇಟ್‌ಲಿಫ್ಟರ್‌ಗಳು ಒಟ್ಟಿಗೇ ಸ್ಟಾನೊಜೊಲಾಲ್‌ಗೆ ಸಿಕ್ಕಿಬಿದ್ದರು. 1988ರಲ್ಲಿ ಓಟಗಾರ ಬೆನ್ ಜಾನ್ಸನ್‌ನನ್ನು ಮುಳುಗಿಸಿದ ಅದೇ ಮದ್ದು. ತಪ್ಪು ಯಾರದು? ಪೌಷ್ಟಿಕಾಂಶದ ಡಬ್ಬಿಯದಂತೆ! ಪಾಪ, ಡಬ್ಬಿಗೆ ವಕೀಲರಿರಲಿಲ್ಲ.

ಕಾಯುವವರ ಕಥೆ ಇನ್ನೂ ಸೊಗಸು. ಅಂತರರಾಷ್ಟ್ರೀಯ ವೇಟ್‌ಲಿಫ್ಟಿಂಗ್ ಫೆಡರೇಷನ್ನಿನಲ್ಲಿ ತಮಾಶ್ ಅಯಾನ್ 1976ರಿಂದ ಕಾರ್ಯದರ್ಶಿ, 2000ದಿಂದ 20 ವರ್ಷ ಅಧ್ಯಕ್ಷ. ಮದ್ದು ತಿಂದು ಸಿಕ್ಕಿಬಿದ್ದ ದೇಶಗಳು ಕಟ್ಟಬೇಕಾದ ದಂಡವನ್ನು ಅವರು ನಗದಾಗಿ ಇಸಿದುಕೊಳ್ಳುತ್ತಿದ್ದರು ಎಂದು ತನಿಖೆ ನಡೆಸಿದ ಮೆಕ್‌ಲಾರೆನ್ ಅವರ ವರದಿ 2020ರಲ್ಲಿ ಹೇಳಿತು. ಸುಮಾರು 1 ಕೋಟಿ 4 ಲಕ್ಷ ಡಾಲರ್‌ಗೆ ಲೆಕ್ಕವೇ ಸಿಗಲಿಲ್ಲ. ಹತ್ತಾರು ಪ್ರಕರಣಗಳು ಮುಚ್ಚಿಹೋಗಿದ್ದವು. ಅಷ್ಟು ಭಾರವನ್ನು ಒಂದು ತೊಟ್ಟು ಮದ್ದಿಲ್ಲದೆ ಎತ್ತಿದ ದಾಖಲೆಗೆ ಯಾವ ಪದಕವೂ ಇಲ್ಲ! 2022ರಲ್ಲಿ ಆಜೀವ ನಿಷೇಧ ಬಂತು, ಆಗ ಅವರಿಗೆ 83 ವರ್ಷ.

ನಾವೇನು ಕಮ್ಮಿ? 2009ರಲ್ಲಿ ನಮ್ಮ ಆರು ಮಂದಿ ಸಿಕ್ಕಿಬಿದ್ದಾಗ ಭಾರತದ ಫೆಡರೇಷನ್‌ಗೆ ಬಿದ್ದ ದಂಡ 5 ಲಕ್ಷ ಡಾಲರ್. ಅದನ್ನು ಕಟ್ಟಿದ ಮೇಲೆಯೇ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ, ನಮ್ಮದೇ ಅಂಗಳದಲ್ಲಿ, ಬಾರ್ ಮುಟ್ಟಲು ನಮಗೆ ಅನುಮತಿ ಸಿಕ್ಕಿತು. ಎಲ್ಲ ಕ್ರೀಡೆಗಳನ್ನೂ ಸೇರಿಸಿ ನೋಡಿದರೆ, 2023ರಲ್ಲಿ ಭಾರತದಲ್ಲಿ ಪರೀಕ್ಷಿಸಿದ 5,606 ಮಾದರಿಗಳಲ್ಲಿ 213ರಲ್ಲಿ ಮದ್ದು. ಹೆಚ್ಚು ಪರೀಕ್ಷೆ ನಡೆಸುವ ದೇಶಗಳ ಸಾಲಿನಲ್ಲಿ ಆ ವರ್ಷ ಈ ಪ್ರಮಾಣಕ್ಕೆ ಮೊದಲ ಸ್ಥಾನ ನಮ್ಮದೇ. ಇದನ್ನಂತೂ ಯಾರೂ ಕಿತ್ತುಕೊಳ್ಳುವುದಿಲ್ಲ.

ಸಿಕ್ಕಿಬಿದ್ದ ಹುಡುಗನಿಗೆ ನಾಲ್ಕು ವರ್ಷ ನಿಷೇಧ, ಪತ್ರಿಕೆಯಲ್ಲಿ ಫೋಟೊ. ಸೂಜಿ ಚುಚ್ಚಿದವನು ಹೆಚ್ಚಿನ ಸಲ ಮುಂದಿನ ತಂಡಕ್ಕೆ ತರಬೇತಿ ಕೊಡುತ್ತಿರುತ್ತಾನೆ.