ಮಾರುತಿ ರಾಯರು

ಮೈಸೂರಿನ ಯಾವ ಬಡಾವಣೆಗೆ ಹೋದರೂ ಒಬ್ಬರು ಮಾರುತಿ ರಾಯರು ಇದ್ದೇ ಇರುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಅದು ಪೆನ್ಷನ್ ಪುಸ್ತಕದಲ್ಲಿ ಭದ್ರವಾಗಿರುತ್ತದೆ. ಗೇಟಿನೊಳಗೆ ಕವರು ಹೊದ್ದು ಮಲಗಿರುವ ಮಾರುತಿ 800 ನೋಡಿ ಬೀದಿಯವರು ಮಾಡಿದ ನಾಮಕರಣ ಇದು. ನಮ್ಮ ಕುವೆಂಪುನಗರದ ರಾಯರ ಕಾರು 2001ನೇ ಇಸವಿಯದು, ಕೆಎ-09 ನಂಬರಿನದು, ಬಿಳಿ ಬಣ್ಣದ್ದು. ಬಿಳಿ ಎಂದು ಆರ್‌ಸಿಯಲ್ಲಿ ಬರೆದಿದೆ, ಅದಕ್ಕೇ ನಾವೂ ಒಪ್ಪುತ್ತೇವೆ.

ಆ ಕಾರು ಓಡುವುದು ಅಪರೂಪ. ಭಾನುವಾರ ಬೆಳಿಗ್ಗೆ ಕವರು ಸರಿಸಿ, ಬಾನೆಟ್ಟು ಎತ್ತಿ, ಒಳಗೆ ಇಣುಕಿ, 'ಹ್ಞೂಂ' ಎಂದು ಒಂದು ಸಲ ಹೇಳಿ ರಾಯರು ಸೆಲ್ಫ್ ಹೊಡೆಯುತ್ತಾರೆ. ಹತ್ತು ನಿಮಿಷ ನಿಂತಲ್ಲೇ ಎಂಜಿನ್ ಗುರುಗುಡುತ್ತದೆ. ಆಮೇಲೆ ಆಫ್ ಮಾಡಿ, ಬಾನೆಟ್ಟು ಇಳಿಸಿ, ಕವರು ಹೊದಿಸಿ, ಪ್ರಯಾಣ ಮುಗಿಸಿದವರ ಹಾಗೆ ಕೈಕಾಲು ತೊಳೆದು ಒಳಗೆ ಹೋಗುತ್ತಾರೆ. ಮಾರುಕಟ್ಟೆಗೆ ಹೋಗುವುದು ಸಿಟಿ ಬಸ್ಸಿನಲ್ಲಿ, ಆಸ್ಪತ್ರೆಗೆ ಆಟೋದಲ್ಲಿ, ಮದುವೆಗೆ ಪಕ್ಕದ ಮನೆಯವರ ಕಾರಿನಲ್ಲಿ. 'ನಮ್ಮದು ಇದೆ, ಆದರೆ ಅಲ್ಲಿ ಪಾರ್ಕಿಂಗ್ ಕಷ್ಟ ನೋಡಿ' ಎನ್ನುತ್ತಾ ಮುಂದಿನ ಸೀಟಿನಲ್ಲಿ ಕೂರುತ್ತಾರೆ.

ಇಷ್ಟೇ ಆಗಿದ್ದರೆ ರಾಯರ ಬಗ್ಗೆ ಬರೆಯುವ ಅಗತ್ಯವಿರಲಿಲ್ಲ. ಹಳೇ ಕಾರು ಇಟ್ಟುಕೊಂಡವರು ಊರ ತುಂಬ ಇದ್ದಾರೆ. ರಾಯರ ವಿಶೇಷವೆಂದರೆ ಹಳೇ ಕಾರುಗಳ ಮೇಲೆ ಬರಲಿರುವ ತೆರಿಗೆಯ ಸುದ್ದಿ ಸರ್ಕಾರಕ್ಕಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ಅನೇಕ ಸಲ ಸರ್ಕಾರಕ್ಕೆ ಕೊನೆಗೂ ಗೊತ್ತಾಗುವುದಿಲ್ಲ.

'ಕೇಳಿದ್ರಾ?' ಎಂದು ಹಾಲಿನ ಬೂತಿನ ಮುಂದೆ ಶುರುವಾಗುತ್ತದೆ. 'ಹದಿನೈದು ವರ್ಷ ದಾಟಿದ ಗಾಡಿಗೆಲ್ಲ ರೋಡ್ ಟ್ಯಾಕ್ಸ್ ಡಬಲ್ ಅಂತೆ. ಮುಂದಿನ ತಿಂಗಳಿಂದ.'

'ಯಾರು ಹೇಳಿದ್ರು ರಾಯರೇ?'

'ನಮ್ಮ ಷಡ್ಡಕರ ಮಗನ ಸ್ನೇಹಿತ ವಿಧಾನಸೌಧದಲ್ಲಿ ಇದಾನೆ. ಫೈಲು ಮೂವ್ ಆಗ್ತಿದೆಯಂತೆ.'

ಈ ಫೈಲು ನನಗೆ ತಿಳಿದ ಮಟ್ಟಿಗೆ ಹತ್ತು ವರ್ಷದಿಂದ ಮೂವ್ ಆಗುತ್ತಲೇ ಇದೆ. ರಾಯರ ಕಾರಿಗಿಂತ ಹೆಚ್ಚು ಓಡಿರಬೇಕು.

ರಾಯರನ್ನು ಪೂರ್ತಿ ದೂರುವಂತೆಯೂ ಇಲ್ಲ. ಈ ವಿಷಯದಲ್ಲಿ ಗೋಜಲಿದೆ. ನಮ್ಮ ರಾಜ್ಯದಲ್ಲಿ ಕಾರು ಕೊಳ್ಳುವಾಗಲೇ ಬೆಲೆಯ ಮೇಲೆ ಲೆಕ್ಕ ಹಾಕಿ ಲೈಫ್ ಟ್ಯಾಕ್ಸ್ ಕಟ್ಟಿಸಿಕೊಳ್ಳುತ್ತಾರೆ, ಅದು ರಾಜ್ಯದ್ದು. ಹದಿನೈದು ವರ್ಷವಾದ ಮೇಲೆ ಗಾಡಿ ತೋರಿಸಿ ಆರ್‌ಸಿ ನವೀಕರಿಸಬೇಕು, ಆಮೇಲೆ ಐದೈದು ವರ್ಷಕ್ಕೊಮ್ಮೆ; ಆ ಶುಲ್ಕ ಗೊತ್ತುಮಾಡುವುದು ಕೇಂದ್ರ. ಜೊತೆಗೆ ಹಸಿರು ತೆರಿಗೆ ಬೇರೆ. ಬೀದಿಯ ಬಾಯಲ್ಲಿ ಮೂರಕ್ಕೂ ಒಂದೇ ಹೆಸರು, ರೋಡ್ ಟ್ಯಾಕ್ಸು. ಇದರ ಮೇಲೆ ದೆಹಲಿಯ ಮಾಲಿನ್ಯ ತಡೆಯಲು ಹಳೇ ಗಾಡಿಗಳ ಬಗ್ಗೆ ಕೋರ್ಟು ಕೊಟ್ಟ ಆದೇಶವೂ ಸೇರಿಕೊಂಡರೆ ರಾಯರಂಥವರಿಗೆ ಮೃಷ್ಟಾನ್ನ.

2021ರ ಜನವರಿಯಲ್ಲಿ ಇಂಥದ್ದೊಂದು ಮೃಷ್ಟಾನ್ನ ಸಿಕ್ಕಿತು. ಹಳೆಯ ವಾಹನಗಳಿಗೆ ಹಸಿರು ತೆರಿಗೆ ಹಾಕುವ ಪ್ರಸ್ತಾವಕ್ಕೆ ಕೇಂದ್ರ ಸಚಿವ ನಿತಿನ್ ಗಡ್ಕರಿ ಒಪ್ಪಿಗೆ ಕೊಟ್ಟರು. ವಿಪರೀತ ಮಾಲಿನ್ಯವಿರುವ ನಗರಗಳಲ್ಲಿ ಅದು ರಸ್ತೆ ತೆರಿಗೆಯ ಶೇಕಡಾ 50ರವರೆಗೂ ಇರಬಹುದು ಎಂದಿತ್ತು. ರಾಜ್ಯಗಳ ಅಭಿಪ್ರಾಯ ಕೇಳಬೇಕು ಎಂದೂ ಇತ್ತು. ರಾಯರು ಐವತ್ತನ್ನು ಹಿಡಿದುಕೊಂಡರು, ಉಳಿದದ್ದನ್ನು ಬಿಟ್ಟರು. ಮೈಸೂರು ವಿಪರೀತ ಮಾಲಿನ್ಯದ ನಗರವೇ ಎಂದು ನಾವು ಕೇಳಿದರೆ, 'ನಮ್ಮ ರೋಡಿನ ಕೊನೇಲಿ ನಿಂತು ನೋಡಿ' ಎಂದರು. ಸ್ವಚ್ಛ ನಗರವೆಂದು ಬಹುಮಾನ ಬಂದಾಗ ಎದೆ ಉಬ್ಬಿಸಿದ್ದವರೂ ಇವರೇ.

ಅದೇ ವರ್ಷ ಅವರ ಕಾರಿನ ಆರ್‌ಸಿ ಅವಧಿ ಮುಗಿಯುವುದಿತ್ತು. ಆಗ ನವೀಕರಣಕ್ಕೆ 600 ರೂಪಾಯಿ. ಕೊರೊನಾ ಕಾಲವಾದ್ದರಿಂದ ಅವಧಿ ಮುಗಿದ ಕಾಗದಪತ್ರಗಳಿಗೆಲ್ಲ ಅಕ್ಟೋಬರ್ ಕೊನೆಯವರೆಗೆ ಸರ್ಕಾರವೇ ಗಡುವು ವಿಸ್ತರಿಸಿತು. ಹೋಗಿ ಮಾಡಿಸಿಕೊಂಡು ಬನ್ನಿ ಎಂದು ಮನೆಯಾಕೆ ಹೇಳಿದರು, ಮಗ ಫೋನಿನಲ್ಲಿ ಹೇಳಿದ, ಆರ್‌ಟಿಓ ಆಫೀಸಿನ ಹತ್ತಿರದ ಏಜೆಂಟು ಎರಡು ಸಲ ಹೇಳಿದ.

'ನೀವು ಸುಮ್ನಿರ್ರಿ. ಈಗ ಹೋದ್ರೆ ಐವತ್ತು ಪರ್ಸೆಂಟ್‌ಗೆ ಸಿಕ್ಕಿಹಾಕ್ಕೋತೀವಿ. ಎಲೆಕ್ಷನ್ ಹತ್ರ ಬಂದ್ರೆ ಎಲ್ಲಾ ವಾಪಸ್ ತಗೋತಾರೆ.'

ಹೀಗೆ ಇಲ್ಲದ ತೆರಿಗೆಗೆ ಹೆದರಿ ಅವರು ಕವರಿನ ಕೆಳಗೆ ಕಾರನ್ನೂ, ಅಡಿಗೆಮನೆಯಲ್ಲಿ ಹೆಂಡತಿಯನ್ನೂ ಸುಮ್ಮನಿರಿಸಿದರು. ಅಷ್ಟರಲ್ಲಿ ಅಕ್ಟೋಬರಿನಲ್ಲಿ ಕೇಂದ್ರದ ಅಧಿಸೂಚನೆ ಹೊರಬಿತ್ತು: ಹದಿನೈದು ವರ್ಷ ದಾಟಿದ ಕಾರಿನ ನವೀಕರಣಕ್ಕೆ 600ರ ಬದಲು 5000 ರೂಪಾಯಿ, 2022ರ ಏಪ್ರಿಲ್ 1ರಿಂದ. ತಡವಾದ ತಿಂಗಳುಗಳಿಗೆ ಬೇರೆ ದಂಡ.

ಜೀವಮಾನದಲ್ಲಿ ಕೇಳಿದ ಗಾಳಿಸುದ್ದಿಯನ್ನೆಲ್ಲ ನಂಬಿದ ರಾಯರು ಇದೊಂದನ್ನು ನಂಬಲಿಲ್ಲ.

'ಏಪ್ರಿಲ್ ಒಂದನೇ ತಾರೀಖಂತೆ! ಅಲ್ಲೇ ಗೊತ್ತಾಗಲ್ವೇನ್ರಿ?' ಎಂದು ನಕ್ಕರು. ಅಧಿಸೂಚನೆಯ ತಪ್ಪೂ ಇತ್ತು ಅನ್ನಿ. ಅದರಲ್ಲಿ ಕೆಂಪು ಅಕ್ಷರ ಇರಲಿಲ್ಲ, ಐದಾರು ಆಶ್ಚರ್ಯಸೂಚಕ ಚಿಹ್ನೆ ಇರಲಿಲ್ಲ, ಕೂಡಲೇ ಹನ್ನೊಂದು ಜನಕ್ಕೆ ಕಳಿಸಿ ಎಂಬ ಕಳಕಳಿಯೂ ಇರಲಿಲ್ಲ. ಗೆಜೆಟ್ಟಿನ ಸಪ್ಪೆ ಇಂಗ್ಲಿಷಿನಲ್ಲಿ ಬಂದದ್ದನ್ನು ಯಾರು ನಂಬುತ್ತಾರೆ?

ಕೊನೆಗೆ ಏಪ್ರಿಲ್ ದಾಟಿ, ಮೇ ದಾಟಿ, ಏಜೆಂಟನ ಜೊತೆ ಹೋದರು. ಅದಕ್ಕೆ ಮೊದಲು ಟಿಂಕರಿಂಗ್, ಪೇಂಟಿಂಗ್, ಹೊಸ ಟೈರು, ಹೊಸ ವೈಪರು. ಹೊಗೆ ಪರೀಕ್ಷೆಯ ಚೀಟಿಯನ್ನು ಮೊಮ್ಮಗನ ಮಾರ್ಕ್ಸ್ ಕಾರ್ಡಿನ ಹಾಗೆ ಮಡಿಸದೆ ಕೈಯಲ್ಲಿ ಹಿಡಿದುಕೊಂಡಿದ್ದರು. ಬ್ರೇಕ್ ಇನ್‌ಸ್ಪೆಕ್ಟರು ಚಾಸಿ ನಂಬರು ನೋಡಿ, ಹಾರನ್ ಒತ್ತಿಸಿ, ಲೈಟು ಹಾಕಿಸಿ, ಒಂದು ಸುತ್ತು ಬಂದು, 'ಚೆನ್ನಾಗಿ ಇಟ್ಟಿದೀರ ಸಾರ್' ಎಂದರು. ಐದು ಸಾವಿರವೂ ದಂಡವೂ ಗ್ಯಾರೇಜಿನ ಬಿಲ್ಲೂ ಸೇರಿ ಆದ ನೋವನ್ನು ಆ ಒಂದು ಮಾತು ತೊಳೆದುಹಾಕಿತು. ಒಂದು ತಿಂಗಳು ಹಾಲಿನ ಬೂತಿನಲ್ಲಿ ತೆರಿಗೆಯ ಮಾತೇ ಇರಲಿಲ್ಲ. ಬರೀ ಇನ್‌ಸ್ಪೆಕ್ಟರು ಹೇಳಿದ್ದು.

ನನಗೆ ಒಂದು ಗುಮಾನಿ. ರಾಯರಿಗೆ ತೆರಿಗೆಯ ಭಯ ಇಲ್ಲ, ತೆರಿಗೆಯ ಆಸೆ ಇದೆ. ಗುಜರಿಯವನು ಆ ಕಾರಿಗೆ ಹೇಳಿದ ಬೆಲೆ ಕೇಳಿ ಅವರು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಮಗ 'ಮಾರಿಬಿಡಿ ಅಪ್ಪ, ಹೊಸದು ಕೊಡಿಸ್ತೀನಿ' ಎಂದಾಗ ಫೋನು ಹೆಂಡತಿಯ ಕೈಗೆ ಕೊಟ್ಟರು. 2014ರಲ್ಲಿ ಕಂಪನಿಯೇ 800 ಮಾಡುವುದನ್ನು ನಿಲ್ಲಿಸಿತು. ಇಡೀ ಲೋಕದಲ್ಲಿ ಈಗ ಆ ಕಾರನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದು ಸರ್ಕಾರ ಮಾತ್ರ. ದೆಹಲಿಯಲ್ಲಿ ಮಂತ್ರಿಗಳು ಕೂತು ತನ್ನ ಗೇಟಿನೊಳಗಿನ ಗಾಡಿಯ ಬಗ್ಗೆ ತಲೆ ಕೆಡಿಸಿಕೊಂಡಿದ್ದಾರೆ ಎಂದರೆ ಯಾವ ಯಜಮಾನನಿಗೆ ಹಿತವಾಗುವುದಿಲ್ಲ?

ಅವರ ವಾದದಲ್ಲಿ ನ್ಯಾಯವೂ ಇದೆ, ಅದನ್ನು ಹೇಳಲೇಬೇಕು. 'ನಾನು ವರ್ಷಕ್ಕೆ ಓಡಿಸೋದನ್ನ ಎದುರು ಮನೆಯ ಹುಡುಗ ವಾರಕ್ಕೆ ಓಡಿಸ್ತಾನೆ. ಅವನದು ಹೊಸದು ಅಂತ ಬಿಡ್ತಾರೆ, ನನ್ನದು ಹಳೇದು ಅಂತ ಹಿಡೀತಾರೆ. ಹೊಗೆ ಬರೋದು ವಯಸ್ಸಿಂದಲೋ, ಓಡಿಸಿದ್ದರಿಂದಲೋ?' ಒಳ್ಳೆಯ ಪ್ರಶ್ನೆ. ಇದಕ್ಕೆ ನಾವು ತಲೆಯಾಡಿಸುವಷ್ಟರಲ್ಲಿ, 'ಅದಕ್ಕೇ ಎಪ್ಪತ್ತು ದಾಟಿದವರ ಕಾರಿಗೆ ಇನ್ನೂ ಜಾಸ್ತಿ ಟ್ಯಾಕ್ಸ್ ಹಾಕ್ತಾರಂತೆ' ಎಂದು ಅದನ್ನು ತಾವೇ ಕೆಡಿಸುತ್ತಾರೆ.

2025ರ ಜುಲೈ 1ರಂದು ದೆಹಲಿಯಲ್ಲಿ ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿಗಳಿಗೆ ಬಂಕಿನಲ್ಲಿ ಪೆಟ್ರೋಲೇ ಹಾಕಬಾರದೆಂಬ ನಿಯಮ ಬಂತು. ಬಂಕುಗಳಲ್ಲಿ ನಂಬರ್ ಪ್ಲೇಟು ಓದುವ ಕ್ಯಾಮೆರಾ ಇಟ್ಟರು. ರಾಯರು ಅಂದೇ ಮೈಸೂರಿನ ಬಂಕಿಗೆ ಹೋಗಿ ಟ್ಯಾಂಕು ತುಂಬಿಸಿದರು. ಆಮೇಲೆ ಡಿಕ್ಕಿಯಿಂದ ಎಣ್ಣೆಯ ಕ್ಯಾನು ತೆಗೆದರು.

'ಸಾರ್, ಕ್ಯಾನಿಗೆ ಹಾಕಲ್ಲ' ಎಂದ ಬಂಕಿನ ಹುಡುಗ.

'ನೋಡಿದ್ರಾ! ಇಲ್ಲೂ ಶುರುವಾಯ್ತು!' ಎಂದು ರಾಯರು ಹಿಂದೆ ನಿಂತಿದ್ದ ಸ್ಕೂಟರಿನವರ ಕಡೆ ತಿರುಗಿದರು.

ದೆಹಲಿಯ ಆ ನಿಯಮವನ್ನು ಒಂದೇ ವಾರದಲ್ಲಿ ಮುಂದಕ್ಕೆ ಹಾಕಿದರು. ತುಂಬಿಸಿದ ಪೆಟ್ರೋಲು, ಭಾನುವಾರದ ಹತ್ತು ಹತ್ತು ನಿಮಿಷಕ್ಕೆ ಬಳಕೆಯಾಗುತ್ತಾ, ದಸರಾದ ಆಯುಧಪೂಜೆಯ ಹೊತ್ತಿಗೂ ಅರ್ಧ ಉಳಿದಿತ್ತು. ಆದರೆ ಈ ಗಲಾಟೆಯ ಸಂಭ್ರಮದಲ್ಲಿ ಆಗಸ್ಟಿನ ಇನ್ನೊಂದು ಸುದ್ದಿ ಅವರ ಕಣ್ಣಿಗೇ ಬೀಳಲಿಲ್ಲ. ಇಪ್ಪತ್ತು ವರ್ಷ ದಾಟಿದ ಕಾರಿನ ನವೀಕರಣಕ್ಕೆ 10,000 ರೂಪಾಯಿ ಎಂದು ಕೇಂದ್ರ ಹೇಳಿತ್ತು. ರಾಯರ ಆರ್‌ಸಿ ಮುಗಿಯುವುದು 2026ಕ್ಕೆ. ಪೇಪರ್ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಓದಿದರು.

'ಇವೆಲ್ಲಾ ಸುಮ್ನೆ ಬರೀತಾರೆ ಕಣ್ರಿ. ಹೈ ಸೆಕ್ಯುರಿಟಿ ನಂಬರ್ ಪ್ಲೇಟ್‌ದು ಏನಾಯ್ತು? ಕೊನೇ ದಿನ, ಕೊನೇ ದಿನ ಅಂತ ಎಷ್ಟು ಸಲ ಮುಂದಕ್ಕೆ ಹಾಕಿದ್ರು?' ಎಂದು ಪೇಪರ್ ಮಡಿಸಿ ವಾಪಸು ಕೊಟ್ಟರು.

ಮೊನ್ನೆ ಸಿಕ್ಕಾಗ ಮುಖ ಅರಳಿತ್ತು. ಐವತ್ತು ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮ 2021ರಿಂದ ಇದೆ. ಅದು ಈಗ ಅವರ ಫೋನಿಗೆ ತಲುಪಿದೆ. ಇಪ್ಪತ್ತು ಸಾವಿರ ಶುಲ್ಕ, ವಿಶೇಷ ನಂಬರು. ಆದರೆ ಅಂಥ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರಿಪೇರಿಗೆ, ಪೆಟ್ರೋಲು ಹಾಕಿಸಲು, ಇಂಥವಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು.

'ಈಗ್ಲೂ ನಾನು ಅಷ್ಟೇ ತಾನೇ ಮಾಡ್ತಿರೋದು?' ಎಂದರು ರಾಯರು. ಗೇಟಿಗೆ ಒರಗಿಕೊಂಡು ಬೆರಳು ಮಡಿಸಿ ಲೆಕ್ಕ ಹಾಕಿದರು. '2051ಕ್ಕೆ ಆಗುತ್ತೆ. ಅಲ್ಲೀವರೆಗೆ ಒಂಚೂರು ತಡ್ಕೋಬೇಕು, ಅಷ್ಟೇ.'

ಒಳಗಿನಿಂದ ಮನೆಯಾಕೆಯ ದನಿ ಬಂತು. 'ರೀ, ಮೊದಲು ಹೋಗಿ ಬ್ಯಾಟರಿ ಹಾಕಿಸ್ಕೊಂಡು ಬನ್ನಿ. ಭಾನುವಾರದಿಂದ ಸ್ಟಾರ್ಟೇ ಆಗಿಲ್ಲ ಅದು.'