ಸೇಬಿನ ಬಜ್ಜಿಯ ತೂತು: ಒಂದು ತಾರ್ಕಿಕ ವಿಚಾರ

ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಶರದೃತುವಿನಲ್ಲಿ ಎರಡು ವ್ರತಗಳು: ಮನೆಯಲ್ಲಿ ಗೊಂಬೆ ಕೂರಿಸುವುದು, ತೋಟಕ್ಕೆ ಹೋಗಿ ದುಡ್ಡು ಕೊಟ್ಟು ತಾವೇ ಸೇಬು ಕೀಳುವುದು. ಎರಡನೆಯದರ ಫಲವಾಗಿ ಅರ್ಧ ಬುಷೆಲ್, ಅಂದರೆ ಹತ್ತು ಕಿಲೋ ಆಸುಪಾಸಿನ ಹಣ್ಣು ಮನೆ ಸೇರುತ್ತದೆ. ಮಕ್ಕಳು ಕಾರಿನಲ್ಲಿ ಕಚ್ಚಿ ಬಿಟ್ಟದ್ದನ್ನು ಕಳೆದರೂ ರಾಶಿ ಕರಗದು. ಆಗ ಬಾಣಲೆ ಒಲೆಯೇರಿ ಆಪಲ್ ಫ್ರಿಟರ್ ಎಂಬ ಪದಾರ್ಥ ಅವತರಿಸುತ್ತದೆ. ಇದು ಬಜ್ಜಿಯೋ, ಪಕೋಡವೋ, ವಡೆಯೋ ಎಂದು ವಿಚಾರಿಸದೆಯೇ ಪಂಡಿತರು ತಿಂದು ಕೈತೊಳೆದದ್ದು ಶೋಚನೀಯ.

ಮೊದಲು ಶಬ್ದಪ್ರಮಾಣ. ಸುಮಾರು 1390ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ರಿಚರ್ಡನ ಬಾಣಸಿಗರು ಸಿದ್ಧಪಡಿಸಿದ ‘ಫಾರ್ಮ್ ಆಫ್ ಕ್ಯುರಿ’ ಎಂಬ ಪಾಕಗ್ರಂಥದಲ್ಲಿ ಇದರ ವಿಧಿಯುಂಟು. ಸೇಬನ್ನು ಅರೆಬೇಯಿಸಿ, ಹಿಟ್ಟು, ಮೊಟ್ಟೆ, ಏಲ್ ಎಂಬ ಬಿಯರು, ಕೇಸರಿ, ಉಪ್ಪು ಕಲಸಿದ್ದರಲ್ಲಿ ಅದ್ದಿ ಕರಿದು, ಬಾದಾಮಿ ಹಾಲಿನೊಡನೆ ಬಡಿಸಬೇಕಂತೆ. ಮೊಟ್ಟೆ ಮತ್ತು ಬಿಯರು ಪ್ರಕ್ಷಿಪ್ತವೆಂದು ತೆಗೆದುಹಾಕಿದರೆ (ಗ್ರಂಥಸಂಪಾದನೆಯಲ್ಲಿ ಇಷ್ಟು ಸ್ವಾತಂತ್ರ್ಯ ಇದ್ದೇ ಇದೆ) ಉಳಿಯುವುದು ಕೇಸರಿ, ಬಾದಾಮಿ ಹಾಲು, ಬಜ್ಜಿ. ಲಂಡನ್ನಿನ ಅರಮನೆ ಮೈಸೂರು ಕಡೆಯ ಮದುವೆಮನೆಯಾಗಲು ಮತ್ತೇನು ಬಾಕಿ?

ಮುಂದೆ ಪಂಥಭೇದ. ಬವೇರಿಯದವರೂ, ವರ್ಷದ ಕೊನೆಯ ರಾತ್ರಿ ಇದನ್ನು ಮೆಲ್ಲುವ ಡಚ್ಚರೂ ಸೇಬಿನ ನಡುದಿಂಡು ತೆಗೆದು, ಬಿಲ್ಲೆ ಹೆಚ್ಚಿ, ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ಇದು ನಿಸ್ಸಂಶಯವಾಗಿ ಬಜ್ಜಿ. ಅಮೆರಿಕದ ಡೋನಟ್ ಅಂಗಡಿಯವರು ಸೇಬಿನ ಚೂರುಗಳನ್ನು ಹುದುಗಿದ ಹಿಟ್ಟಿಗೆ ಸೇರಿಸಿ, ಅಂಕುಡೊಂಕಾಗಿ ಕರಿದು, ಮೇಲೆ ಸಕ್ಕರೆ ಬಳಿಯುತ್ತಾರೆ. ಇದು ಪಾಕ ಹೊದ್ದ ಪಕೋಡ. ಎರಡನ್ನೂ ಒಂದೇ ತಟ್ಟೆಯಲ್ಲಿ ತಂದಿಡುವ ಮಾಣಿಯನ್ನು ನಮ್ಮ ಯಾವ ಹೋಟೆಲಿನಲ್ಲೂ ಇಟ್ಟುಕೊಳ್ಳುವುದಿಲ್ಲ.

ಇಲ್ಲಿ ಪೂರ್ವಪಕ್ಷಿ ಏಳುತ್ತಾನೆ: “ಸ್ವಾಮಿ, ಬಿಲ್ಲೆಯ ನಡುವೆ ತೂತಿದೆ. ತೂತಿದ್ದದ್ದು ವಡೆ. ಆದ್ದರಿಂದ ಇದು ವಡೆ.” ಹಾಗಲ್ಲ. ಉದ್ದಿನ ವಡೆಗೆ ತೂತು ಮಾಡುವುದು ನಡುಭಾಗ ಹಸಿಯಾಗಿ ಉಳಿಯದಿರಲೆಂದು. ಅಲ್ಲಿದ್ದ ಹಿಟ್ಟು ನಾಶವಾಗಲಿಲ್ಲ, ಬೆರಳಿಗೆ ಬೆದರಿ ಪಕ್ಕಕ್ಕೆ ಸರಿಯಿತು. ಸೇಬಿನಲ್ಲಾದರೋ ಬೀಜದ ಗೂಡೊಂದು ಇತ್ತು, ಚಾಕುವಿನಿಂದ ಹತವಾಯಿತು. ಇದ್ದು ಇಲ್ಲವಾದದ್ದನ್ನು ನೈಯಾಯಿಕರು ಪ್ರಧ್ವಂಸಾಭಾವ ಎನ್ನುತ್ತಾರೆ. ಸರಿದು ನಿಂತದ್ದಕ್ಕೂ ಸತ್ತುಹೋದದ್ದಕ್ಕೂ ಒಂದೇ ಸೂತಕ ಹಿಡಿಯುವುದುಂಟೆ? ಪೂರ್ವಪಕ್ಷಿ ಕೂರುತ್ತಾನೆ.

ಇನ್ನು ಪ್ರಯೋಗ. ಹಣ್ಣು ಹುಳಿಯಾಗಿರಬೇಕು, ಕಾವಿಗೆ ಕುಸಿಯಬಾರದು. ಮ್ಯಾಕಿಂಟಾಷ್ ಬೆಂದರೆ ಮುದ್ದೆಯಾಗುತ್ತದೆ. ಗ್ರ್ಯಾನಿ ಸ್ಮಿತ್ ಉತ್ತಮ. 1868ರ ಸುಮಾರಿಗೆ ಸಿಡ್ನಿಯ ಬಳಿ ಮಾರಿಯಾ ಆನ್ ಸ್ಮಿತ್ ಎಂಬ ಅಜ್ಜಿಯ ತೋಟದಲ್ಲಿ ತಾನಾಗಿ ಹುಟ್ಟಿದ ತಳಿಯದು. ಅಜ್ಜಿಯ ಹಣ್ಣು ಬಜ್ಜಿಗೆ ಒದಗಿದ್ದಕ್ಕೆ ಪ್ರಾಸವೇ ಪ್ರಮಾಣ. ಒಂದು ಲೋಟ ಮೈದಾಕ್ಕೆ ಒಂದು ಚಮಚ ಬೇಕಿಂಗ್ ಪೌಡರ್, ಎರಡು ಚಮಚ ಸಕ್ಕರೆ, ಚಿಟಿಕೆ ಉಪ್ಪು, ಮುಕ್ಕಾಲು ಲೋಟ ಹಾಲು. ಬಿಲ್ಲೆಯ ತೇವ ಒರೆಸಿ, ಒಣ ಮೈದಾ ಸವರಿ, ಆಮೇಲೆ ಅದ್ದಬೇಕು. ಇಲ್ಲದಿದ್ದರೆ ಅಂಗಿ ಕಳಚಿ ಎಣ್ಣೆಯಲ್ಲಿ ಬೇರೆ ತೇಲುತ್ತದೆ. ಎಣ್ಣೆ 180 ಡಿಗ್ರಿ ಸೆಲ್ಸಿಯಸ್ ಇರಲಿ. ಸೇಬಿನಲ್ಲಿ ನೂರಕ್ಕೆ 85ರಷ್ಟು ನೀರೇ. ಅದೂ ಹಿಟ್ಟಿನ ತೇವವೂ ಆವಿಯಾಗಿ ಹೊರನುಗ್ಗುವಷ್ಟು ಹೊತ್ತು ಎಣ್ಣೆಗೆ ಒಳಪ್ರವೇಶವಿಲ್ಲ. ಕಾವು ಇಳಿಯಿತೋ, ಬಜ್ಜಿ ಎಣ್ಣೆ ಕುಡಿಯಿತು. ಬಿಸಿಯಿರುವಾಗಲೇ ಸಕ್ಕರೆ, ದಾಲ್ಚಿನ್ನಿ ಪುಡಿ ಉದುರಿಸುವುದು. ಕಾಯಿಚಟ್ನಿ ಕೇಳುವವರೊಂದಿಗೆ ಈ ಲೇಖಕ ವಾದಕ್ಕಿಳಿಯುವುದಿಲ್ಲ.

ಇಷ್ಟಕ್ಕೆ ಸಿದ್ಧಾಂತ ಸ್ಥಾಪನೆಯಾಗಬೇಕಿತ್ತು. ಆದರೆ ಪೂರ್ವಪಕ್ಷಿ ಅದೇ ಸೇಬಿನ ತೋಟದ ಬಾಗಿಲಲ್ಲಿ ಮಾರುವ ಸೈಡರ್ ಡೋನಟ್ ಹಿಡಿದು ಮತ್ತೆ ಬಂದಿದ್ದಾನೆ. ಅಲ್ಲಿ ಯಂತ್ರವು ಹಿಟ್ಟನ್ನು ಬಳೆಯಾಗಿಯೇ ಎಣ್ಣೆಗೆ ಬಿಡುತ್ತದೆ. ತೂತಿನ ಜಾಗದಲ್ಲಿ ಬೀಜವೂ ಇರಲಿಲ್ಲ, ಹಿಟ್ಟೂ ಇರಲಿಲ್ಲ. ಇದು ಅತ್ಯಂತಾಭಾವವೇ ಎಂದು ಅವನ ಪ್ರಶ್ನೆ. ಉತ್ತರಕ್ಕೆ ಇನ್ನೊಂದು ಡಜನ್ ತರಿಸಲಾಗಿದೆ.